ಕಾಕು ಕಟ್ ಮಾಡಿದ ಮೂರು ಕರೆ

ನಮ್ಮ ಕಾಕು, ಅಂದರೆ ಅಪ್ಪನ ತಮ್ಮನ ಹೆಂಡತಿ, ಗಂಡನ ಕೊನೆಯ ಮೂರು ಫೋನ್ ಕರೆಗಳನ್ನು ಕಟ್ ಮಾಡಿದಳು. ಸಿಟ್ಟಿನಿಂದಲ್ಲ, ಜಗಳವಾಡಿಯೂ ಅಲ್ಲ. ನಾನು ಕಲಿಸಿದಂತೆ, ಕಲಿಸಿದ್ದಕ್ಕಿಂತ ಅಚ್ಚುಕಟ್ಟಾಗಿ ಕಟ್ ಮಾಡಿದಳು. ಅವು ಗಂಡನ ಕರೆಗಳಾಗಿದ್ದವು ಎಂಬುದು ಆಕೆಗೆ ಎಂದೂ ಗೊತ್ತಾಗಬಾರದು ಎಂದು ಆಮೇಲೆ ಮೂರು ತಿಂಗಳು ಒದ್ದಾಡಿದವನೂ ನಾನೇ. ನಗಿಸುವುದು ನನ್ನ ಚಟ. ಬರೆಯುತ್ತಾ ಎಲ್ಲಾದರೂ ಆ ಚಟ ಇಣುಕಿದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ನಾರಾಯಣಖೇಡದ ಬಸ್ ನಿಲ್ದಾಣದ ಹತ್ತಿರ ಒಂದು ಬ್ಯಾಂಕಿನ ಸೇವಾ ಕೇಂದ್ರದಲ್ಲಿ ನನಗೆ ಕೆಲಸ. ಜನರ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸುವುದು. ಜೋಳದ ರಾಶಿ ಮಾಡಿ ಸವೆದ ಹೆಬ್ಬೆರಳು ಯಂತ್ರಕ್ಕೆ ಹತ್ತದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಒತ್ತಿಸುವುದು. ಇದಕ್ಕೆ ಯಾವ ಪ್ರತಿಭೆಯೂ ಬೇಕಿಲ್ಲ. ನನಗಿದ್ದ ಒಂದೇ ಪ್ರತಿಭೆ ಬೇರೆಯವರ ದನಿ ತೆಗೆಯುವುದು. ಶಾಲೆಯಲ್ಲಿದ್ದಾಗ ಅಪ್ಪನ ದನಿಯಲ್ಲಿ ಮೇಷ್ಟ್ರಿಗೆ ಫೋನ್ ಮಾಡಿ ನನಗೆ ಜ್ವರ ಬರಿಸುತ್ತಿದ್ದೆ, ಮೇಷ್ಟ್ರ ದನಿಯಲ್ಲಿ ಅಪ್ಪನಿಗೆ ಫೋನ್ ಮಾಡಿ ನನ್ನನ್ನೇ ಹೊಗಳುತ್ತಿದ್ದೆ. "ನಿನ್ನ ಸ್ವಂತ ದನಿ ಯಾವ್ದಲೇ? ಕೇಳಿ ಭಾಳ ವರ್ಷ ಆತು" ಎಂದು ಅವ್ವ ಈಗಲೂ ಕೇಳುತ್ತಾಳೆ. ಅವ್ವನ ದನಿಯಲ್ಲೇ ಉತ್ತರ ಕೊಟ್ಟು ಬೈಸಿಕೊಳ್ಳುತ್ತೇನೆ.

ಒಂದು ದಿನ ಮ್ಯಾನೇಜರ್ ಸಾಹೇಬರು ತಮ್ಮದೇ ದನಿ ಪಕ್ಕದ ಕೋಣೆಯಿಂದ ತಮ್ಮನ್ನೇ ಬೈಯುವುದನ್ನು ಕೇಳಿಸಿಕೊಂಡರು. ಕೆಲಸ ಹೋಯಿತೆಂದುಕೊಂಡೆ. ಹೋಗಲಿಲ್ಲ. ಫೋನಿನ ಕಳ್ಳರ ಬಗ್ಗೆ ಹಳ್ಳಿಹಳ್ಳಿಗೆ ಹೋಗಿ ತಿಳಿಹೇಳುವ ಕೆಲಸ ಬ್ಯಾಂಕಿಗೆ ಬಂದಿತ್ತು, ಅವರು ಮಾತಾಡಿದರೆ ಜನ ಆಕಳಿಸುತ್ತಿದ್ದರು. "ನಿನ್ನ ಬಾಯಿ ಅಲ್ಲೇ ಹೋಗಿ ಬಿಡು, ಇಲ್ಲಿ ಬ್ಯಾಡ" ಎಂದು ನನ್ನನ್ನು ನಾಗಲಗಿದ್ದ, ಕಂಗ್ಟಿ ಕಡೆಯ ಊರುಗಳಿಗೆ ಅಟ್ಟಿದರು. ಜೊತೆಗೆ ಹಂಚಲು ಒಂದು ಕಟ್ಟು ಕರಪತ್ರ.

ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ನಿಂತು ನಾನು ಕಳ್ಳನಾಗುತ್ತಿದ್ದೆ. ಮೊದಲು ಹಿಂದಿಯ ಸಾಹೇಬ: "ಮೇಡಂ ಜೀ, ಆಪ್ ಕಾ ಕಾರ್ಡ್ ಆಜ್ ಶಾಮ್ ಕೋ ಬಂದ್ ಹೋ ಜಾಯೇಗಾ." ಆಮೇಲೆ ತೆಲುಗಿನ ಪೊಲೀಸ್. ಕೊನೆಗೆ ಆ ಊರಿನದೇ ಒಬ್ಬ ಹಿರಿಯರನ್ನು ಐದು ನಿಮಿಷ ಮಾತಾಡಿಸಿ, ಅವರ ದನಿ ಹಿಡಿದು, ಕಟ್ಟೆಯ ಹಿಂದೆ ಅವಿತು ಅವರ ಹೆಂಡತಿಗೆ ಫೋನ್ ಮಾಡುತ್ತಿದ್ದೆ. ಆಕೆ ಗಂಡನೆಂದೇ ನಂಬಿ ಮಾತಾಡಿದರೆ ಸಭೆ ಬಿದ್ದುಬಿದ್ದು ನಗುತ್ತಿತ್ತು. ನಗು ಇಳಿದ ಮೇಲೆ ಪಾಠ. ಓಟಿಪಿ ಯಾರಿಗೂ ಹೇಳಬೇಡಿ. ಬಂದ ಲಿಂಕನ್ನೆಲ್ಲ ಒತ್ತಬೇಡಿ. ಫೋನಿಗೆ ಬೀಗದ ನಂಬರ್ ಇಡಿ, ಅದು ಹುಟ್ಟಿದ ವರ್ಷ ಆಗಿರಬಾರದು. ದನಿ ಕೇಳಿ ನಂಬಬೇಡಿ, ಯಾಕೆಂದರೆ ನಾನು ವರ್ಷಗಟ್ಟಲೆ ಕಷ್ಟಪಟ್ಟು ಕಲಿತದ್ದನ್ನು ಈಗ ಕಂಪ್ಯೂಟರು ನೀವು ಕಳಿಸಿದ ಒಂದು ವಾಯ್ಸ್ ಮೆಸೇಜ್ ಕೇಳಿ ಕಲಿತುಬಿಡುತ್ತದೆ. ಕಡೆಗೆ ಎಲ್ಲರಿಂದಲೂ ಚಪ್ಪಾಳೆ ಹೊಡೆಸುತ್ತಾ ಕೂಗಿಸುತ್ತಿದ್ದೆ: "ಗುರುತಿನ ದನಿ, ಗುರುತಿಲ್ಲದ ನಂಬರ್: ಕಟ್ ಮಾಡು, ಬ್ಲಾಕ್ ಮಾಡು!"

ಕರಪತ್ರದಲ್ಲಿ ಅದರ ಕೆಳಗೆ ಇನ್ನೊಂದು ಸಾಲಿತ್ತು. ಕಟ್ ಮಾಡಿದ ಮೇಲೆ, ನಿಮ್ಮ ಹತ್ತಿರ ಮೊದಲೇ ಇರುವ ನಂಬರಿಗೆ ನೀವೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ ಎಂದು. ಆ ಸಾಲನ್ನು ನಾನು ಹೇಳುತ್ತಿರಲಿಲ್ಲ. ಚಪ್ಪಾಳೆಗೆ ಕೂಡುತ್ತಿರಲಿಲ್ಲ. ಜನ ನಗುತ್ತಿದ್ದುದು "ಕಟ್" ಎಂಬಲ್ಲಿ. ನಗು ಬಿದ್ದಲ್ಲಿ ಮಾತು ನಿಲ್ಲಿಸಬೇಕು ಎಂಬುದು ನನ್ನ ಕಸುಬಿನ ಲೆಕ್ಕ.

ಹಳ್ಳಿಗಳಲ್ಲಿ ಹೆಸರು ಬಂದ ಮೇಲೆ ಮನೆಯವರನ್ನು ಬಿಟ್ಟೇನೆಯೇ? ನಮ್ಮ ದೊಡ್ಡ ಮನೆ ಜಹೀರಾಬಾದಿನಲ್ಲಿ. ಒಂದು ಭಾಗದಲ್ಲಿ ಅಪ್ಪ ಅವ್ವ, ಇನ್ನೊಂದು ಭಾಗದಲ್ಲಿ ಕಾಕಾ ಕಾಕು. ಅವರಿಗೆ ಮಕ್ಕಳಿಲ್ಲ. ಕಾಕಾ ತಾಂಡೂರಿನ ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ವಾರವಿಡೀ ಅಲ್ಲೇ ಕೋಣೆ ಮಾಡಿಕೊಂಡಿದ್ದು ಶನಿವಾರ ಸಂಜೆ ಮೋಟಾರ್ ಸೈಕಲ್ಲಿನಲ್ಲಿ ಊರಿಗೆ ಬರುತ್ತಿದ್ದರು. ಕಲ್ಲಿನ ಪುಡಿ ಕುಡಿದೂ ಕುಡಿದೂ ಅವರ ದನಿ ಉಸುಕಿನ ಮೇಲೆ ಎಳೆದ ಚಪ್ಪಡಿಯಂತಾಗಿತ್ತು. ಪ್ರತಿ ಮಾತಿನ ಕೊನೆಗೆ ಸಣ್ಣ ಕೆಮ್ಮು. ಇಂಥ ದನಿ ಸಿಕ್ಕರೆ ನಮ್ಮಂಥವರಿಗೆ ಹಬ್ಬ.

ಒಂದು ಭಾನುವಾರ ಎಲ್ಲರ ಫೋನನ್ನೂ ತಪಾಸಣೆ ಮಾಡುತ್ತೇನೆಂದು ಕೂತೆ. ಕಾಕಾನ ಫೋನಿನ ಹಿಂದಿನ ಕವರ್ ಬಿಚ್ಚಿದರೆ ಒಳಗೆ ನಾಲ್ಕು ಮಡಿಕೆ ಮಾಡಿದ ಚೀಟಿ. ಅದರಲ್ಲಿ ಎಟಿಎಂ ಪಿನ್, ಬ್ಯಾಂಕಿನ ಪಾಸ್‌ವರ್ಡ್, ಅದರ ಕೆಳಗೆ ಅಪ್ಪನ, ನನ್ನ, ಕಾರ್ಖಾನೆಯ ಫೋನ್ ನಂಬರುಗಳು.

"ಕಾಕಾ, ಕಳ್ಳಗ ಇನ್ನ ಏನ್ ಕೆಲಸ ಇಟ್ಟೀರಿ? ಚಾ ಅಷ್ಟ ಮಾಡಿಕೊಟ್ಟಿಲ್ಲ" ಎಂದೆ.

"ನನಗ ನೆನಪ ಉಳಿಯಂಗಿಲ್ಲಪಾ. ಒಂದೇ ನಂಬರ್ ಬಾಯಿಪಾಠ ಅದ, ಮನಿದು."

ಮನಿದು ಅಂದರೆ ಹೆಂಡತಿಯದು. ನಾನು ಆ ಚೀಟಿಯನ್ನು ಎಲ್ಲರ ಮುಂದೆ ಎತ್ತಿ ತೋರಿಸಿ, ಮ್ಯಾನೇಜರ್ ಸಾಹೇಬರ ದನಿಯಲ್ಲಿ ಒಂದು ಭಾಷಣ ಮಾಡಿ, ಚೂರುಚೂರು ಮಾಡಿ ಒಲೆಗೆ ಹಾಕಿದೆ. ಪಿನ್ ಹಾಗೆ ಬರೆದಿಡುವುದು ತಪ್ಪೇ. ಆದರೆ ಪಿನ್ ಇದ್ದ ಅರ್ಧವನ್ನಷ್ಟೇ ಹರಿಯಬಹುದಿತ್ತು. ಅರ್ಧ ಹರಿದರೆ ಯಾರು ನಗುತ್ತಾರೆ?

ಕಾಕುವಿಗೆ ಮೊದಲ ಪರೀಕ್ಷೆ ಇಟ್ಟದ್ದು ಅದೇ ತಿಂಗಳು. ಗೆಳೆಯನ ಫೋನಿನಿಂದ, ಕಾಕಾನ ದನಿಯಲ್ಲಿ ಕರೆ ಮಾಡಿದೆ. "ಏಯ್, ಕೇಳ್ತದೇನು? ಅಲಮಾರ್‍ಯಾಗ ನಿನ್ನ ಆಧಾರ್ ಕಾರ್ಡ್ ಅದ ನೋಡು. ನಂಬರ್ ಓದು ಝಲ್ದಿ." ಪಾಪ, ಓಡಿಹೋಗಿ ತಂದು, ಕನ್ನಡಕ ಹುಡುಕಿ, ಹನ್ನೆರಡೂ ಅಂಕಿ ಓದಿದಳು. ಆಮೇಲೆ "ಊಟ ಆತೇನ್ರಿ?" ಎಂದೂ ಕೇಳಿದಳು. ನಾನು ಆ ಮಾತುಕತೆಯನ್ನು ರೆಕಾರ್ಡ್ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ನಕ್ಕರು. ಕಾಕು ನಗಲಿಲ್ಲ. ನಾನು ಊರಿಗೆ ಹೋದಾಗ ಎರಡು ಹೊತ್ತು ಮಾತಾಡಿಸಲಿಲ್ಲ, ಮೂರನೆಯ ಹೊತ್ತಿಗೆ ರೊಟ್ಟಿ ಬಡಿಸುತ್ತಾ ಹೇಳಿದಳು: "ಇನ್ನೊಮ್ಮಿ ಮಾಡಿ ನೋಡು. ಹಿಡೀಲಿಲ್ಲಂದ್ರ ಕೇಳು."

ಹಿಡಿದಳು. ಎರಡನೆಯ ಪರೀಕ್ಷೆಯಲ್ಲಿ ನಾನು ಬೇಕೆಂತಲೇ ಒಂದು ತಪ್ಪು ಮಾಡಿದೆ: ಕಾಕಾನ ದನಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದೆ. ಆ ಕಡೆಯಿಂದ ಬಂದ ಬೈಗುಳದಲ್ಲಿ ಬರೆಯುವಂಥದ್ದು ಇಷ್ಟೇ.

"ಕಳ್ಳ ಭಾಡ್ಯಾ! ನಮ್ಮನಿಯವ್ರು ನನ್ನ ಹೆಸರ ಹಿಡಿದದ್ದು ಒಂದೇ ಸಲ, ಮದಿವ್ಯಾಗ, ಒಡಪು ಹಾಕಿ. ಅದೂ ಎಲ್ಲಾರು ಬಾಗಲ ಅಡ್ಡ ಹಾಕಿ ನಿಂತಾರ ಅಂತ. ನೀ ಯಾವಾಂವ ನನ್ನ ಹೆಸರ ಹಿಡಿಯಾವ?" ಎಂದು ಕಟ್ ಮಾಡಿದಳು. ಬ್ಲಾಕ್ ಕೂಡ ಮಾಡಿದಳು.

ನಮ್ಮ ಕಡೆ ಹಳೆಯ ಮನೆಗಳಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವುದಿಲ್ಲ. ಮದುವೆಯಲ್ಲಿ ಹೊಸ ಜೋಡಿ ಹೊಸ್ತಿಲು ದಾಟುವ ಮೊದಲು ಪ್ರಾಸದ ಒಂದು ಸಾಲು ಕಟ್ಟಿ ಹೆಸರು ಹೇಳಬೇಕು, ಅದೇ ಒಡಪು. ಅಷ್ಟೇ, ಆಮೇಲೆ ಜೀವನಪೂರ್ತಿ "ಏಯ್", "ಕೇಳ್ತದೇನು", "ನೋಡ್ರಿಲ್ಲಿ". ಕಾಕು ಇದನ್ನೇ ಬೀಗದ ಕೈ ಮಾಡಿಕೊಂಡಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಭಾನುವಾರ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಟವೆಲ್ ಹೊದಿಸಿ ಸನ್ಮಾನ ಮಾಡಿದೆ. "ಹೆಸರು ಹಿಡಿದಾಂವ ಗಂಡಲ್ಲ. ಯಾವ ಕಂಪ್ಯೂಟರಿಗೂ ಇದು ತಿಳಿಯಂಗಿಲ್ಲ" ಎಂದೆ. ಕಾಕಾ ಒಂದು ಮೂಲೆಯಲ್ಲಿ ಕೆಮ್ಮುತ್ತಾ ನಗುತ್ತಿದ್ದರು. ಆ ಮೇಲೆ ಹಳ್ಳಿಗಳ ಸಭೆಯಲ್ಲೂ ಕಾಕುವಿನ ಕತೆ ಹೇಳತೊಡಗಿದೆ.

ಆ ಮೂರು ಕರೆಗಳು ಬಂದ ಶನಿವಾರ ನಾನು ನಾಗಲಗಿದ್ದದ ಹತ್ತಿರದ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಸಂಘದ ಸಭೆ ಮಾಡುತ್ತಿದ್ದೆ. ಮುಗಿಸಿ ಫೋನ್ ಆನ್ ಮಾಡಿದಾಗ ಅಪ್ಪ ಏಳು ಸಲ ಕರೆ ಮಾಡಿದ್ದರೆಂಬ ಮೆಸೇಜು. ತಿರುಗಿ ಫೋನ್ ಮಾಡಿದೆ. ಕಾಕಾ ತಾಂಡೂರಿನಿಂದ ಬರುತ್ತಾ, ಕೊಹೀರ್ ಇನ್ನೇನು ಸ್ವಲ್ಪ ದೂರವಿದೆ ಎನ್ನುವಾಗ ಬಿದ್ದಿದ್ದಾರೆ. ಜಹೀರಾಬಾದಿನ ಆಸ್ಪತ್ರೆಗೆ ತಂದಿದ್ದಾರೆ. ಜೇಬಿನಲ್ಲಿದ್ದ ಕಾರ್ಖಾನೆಯ ಗುರುತಿನ ಚೀಟಿ ನೋಡಿ ಆಸ್ಪತ್ರೆಯವರು ಕಾರ್ಖಾನೆಗೆ, ಕಾರ್ಖಾನೆಯವರು ಅಪ್ಪನಿಗೆ ತಿಳಿಸಿದ್ದಾರೆ. ಇಷ್ಟು ಹೇಳಿ, "ಝಲ್ದಿ ಬಾ" ಎಂದು ಅಪ್ಪ ಫೋನ್ ಇಟ್ಟರು. ಅದು ಅಪ್ಪನ ದನಿಯೇ, ಅಪ್ಪನ ನಂಬರೇ. ನಾನು ಖಾತ್ರಿ ಮಾಡಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಅಪ್ಪ ಸಿಕ್ಕರು. ಕಾಕಾ ಹೋಗಿದ್ದಾರೆ, ದಾರಿಯಲ್ಲೇ ಹೋಗಿದ್ದಾರೆ, ಒಳಗೆ ರಕ್ತ ಸೋರಿದೆ, ಯಾರು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಕಾಕುವಿಗೆ ಇನ್ನೂ ಹೇಳಿಲ್ಲ, ಕಾಲಿಗೆ ಪೆಟ್ಟಾಗಿದೆ ಎಂದು ಹೇಳಿ ಕೂಡಿಸಿದ್ದಾರೆ. ಅಪ್ಪನ ಪಕ್ಕದಲ್ಲಿ ತಲೆಗೆ ರುಮಾಲು ಸುತ್ತಿದ ಒಬ್ಬ ನಿಂತಿದ್ದ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನಂತೆ, ಬೀದರ್ ಕಡೆಯವ. ಬಿದ್ದವರನ್ನು ಮೊದಲು ನೋಡಿದವನು, ಆಂಬುಲೆನ್ಸಿಗೆ ಫೋನ್ ಮಾಡಿ ಅದರ ಹಿಂದೆಯೇ ಇಲ್ಲಿಯವರೆಗೂ ಬಂದವನು ಅವನೇ. ಅವನು ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದು ಹೇಳಿದ:

"ಅವ್ರ ಫೋನ್ ಪೂರಾ ಒಡದಿತ್ರಿ. ಮನಿಗಿ ಹಚ್ಚು ಅಂದ್ರು. ನನ್ನ ಫೋನ್‌ಲಿಂದ ಹಚ್ಚಿ ಕಿವಿಗಿ ಹಿಡದ್ನಿ. ಮೂರು ಸಲ. ಅತ್ತಾಗ ಕಟ್ ಮಾಡಿದ್ರು. ನಾಲ್ಕನೇ ಸಲ ಹೋಗ್ಲೇ ಇಲ್ಲ. ಮನ್ಯಾಗ ಏನರ ಜಗಳ ಅದ ಏನ್ರಿ?"

ನಾನು ಎಷ್ಟೋ ಜನರ ನಡಿಗೆ, ನಿಲುವು, ನಾಲಿಗೆ ಕದ್ದವನು. ಆ ಹೊತ್ತು ನನ್ನ ಕಾಲು ಹೇಗೆ ನಡೆಸುವುದೆಂದು ನನಗೆ ಗೊತ್ತಾಗಲಿಲ್ಲ. ಒಳಗೆ ಹೋದೆ. ಕಾಕು ಬೆಂಚಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಟಿಫಿನ್ ಡಬ್ಬಿ. ಕಾಲಿಗೆ ಪೆಟ್ಟಾದವರಿಗೆ ಹಸಿವಾಗುತ್ತದಲ್ಲ. ನನ್ನನ್ನು ನೋಡಿದವಳೇ ಆ ಗಾಬರಿಯಲ್ಲೂ ಸ್ವಲ್ಪ ನಕ್ಕಳು.

"ಬಂದ್ಯಾ? ನಿನಗ ಇವತ್ತೇ ಸಿಗಬೇಕಾಗಿತ್ತೇನು? ಸಂಜಿಗಿ ಫೋನ್ ಹಚ್ಚಿದ್ಯಲ್ಲ, ನಾ ಹಿಡದ್ನಿ ನೋಡು. ಮೂರೂ ಸಲ ಕಟ್ ಮಾಡ್ದೆ. ಬ್ಲಾಕ್ ಮಾಡೀನಿ. ನರಳ್ದಂಗ ಮಾಡಿದ್ರ ನಂಬ್ತೀನಿ ಅಂದ್ಕೊಂಡ್ಯಾ?"

ಆಕೆಯ ಹಿಂದಿನ ಬಾಗಿಲಿನಿಂದ ನರ್ಸ್ ಹೊರಗೆ ಬರುತ್ತಿದ್ದಳು.

"ಹೌದು ಕಾಕು. ನಾನೇ" ಅಂದೆ.

ಅಷ್ಟು ಹೇಳಿದ ಮೇಲೆ ಡಾಕ್ಟರು ಬಂದು ಉಳಿದದ್ದನ್ನು ಹೇಳಿದರು.

ಜನ ಸೇರಿ, ಕೂಗು ಎದ್ದು, ಯಾರು ಯಾರನ್ನು ಹಿಡಿದಿದ್ದಾರೆಂದು ತಿಳಿಯದಾದಾಗ ಕಾಕುವಿನ ಫೋನ್ ನನ್ನ ಕೈಗೆ ಬಂತು. ಬೀಗದ ನಂಬರ್ ನನಗೆ ಗೊತ್ತಿತ್ತು, ಇಟ್ಟುಕೊಟ್ಟವನೇ ನಾನು. ಕರೆಗಳ ಪಟ್ಟಿ ತೆರೆದೆ. ಐದು ಗಂಟೆ ದಾಟಿದ ಮೇಲೆ ಒಂದೇ ನಂಬರಿನಿಂದ ಮೂರು. ಒಂದೊಂದನ್ನೇ ಅಳಿಸಿದೆ. ಹಳ್ಳಿಗಳಲ್ಲಿ ನಾನು ಹೇಳುತ್ತಿದ್ದೆ, ಕಳ್ಳ ಮೊದಲು ಮಾಡುವ ಕೆಲಸ ಗುರುತು ಅಳಿಸುವುದು ಎಂದು. ಆಮೇಲೆ ಹೊರಗೆ ಹೋಗಿ ಟ್ರ್ಯಾಕ್ಟರಿನವನ ಕೈ ಹಿಡಿದು, ಕರೆಗಳ ಮಾತು ಯಾರಿಗೂ ಹೇಳಬೇಡವೆಂದು ಬೇಡಿಕೊಂಡು ಕಳಿಸಿದೆ. ಬ್ಲಾಕ್ ಆದ ನಂಬರುಗಳ ಪಟ್ಟಿ ಬೇರೆಯೇ ಇರುತ್ತದೆ ಎಂಬುದು ಮಾತ್ರ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಫೋನ್ ಹೇಗೆ ಜೋಪಾನ ಮಾಡಬೇಕೆಂದು ಊರಿಗೆಲ್ಲ ಹೇಳುವವನು ಒಂದು ಫೋನನ್ನು ಸರಿಯಾಗಿ ಸ್ವಚ್ಛ ಮಾಡಲಾರದೆ ಹೋದೆ.

ಹದಿಮೂರನೆಯ ದಿನ ಮುಗಿಯಿತು. ತಿಂಗಳು ಕಳೆಯಿತು. ಮನೆಯಲ್ಲಿ ನನ್ನ ಬಗ್ಗೆ ಒಂದು ಸಿಟ್ಟು ಹುಟ್ಟಿಕೊಂಡಿತ್ತು. ಕಾಕಾ ರಸ್ತೆಯಲ್ಲಿ ಬಿದ್ದಿದ್ದ ಹೊತ್ತಿನಲ್ಲಿ ಇವನು ಅವರ ದನಿಯಲ್ಲಿ ನರಳಿ ಆಟವಾಡುತ್ತಿದ್ದನಲ್ಲ ಎಂದು ಅಪ್ಪನ ಅಕ್ಕತಂಗಿಯರು ನನ್ನ ತಟ್ಟೆಗೆ ಅನ್ನ ಬಡಿಸುವಾಗ ಮುಖ ತಿರುಗಿಸುತ್ತಿದ್ದರು. ಆ ಸಿಟ್ಟು ನನಗೆ ಬೇಕಾಗಿತ್ತು. ಅದು ನನ್ನ ಮೇಲೆ ಇರುವಷ್ಟು ದಿನ ಕಾಕು ನೆಮ್ಮದಿಯಾಗಿರುತ್ತಾಳೆ. ಅವಳು ಬೈಯಲಿಲ್ಲ. "ಹೋಗ್ಲಿ ಬಿಡ್ರಿ, ಅವಗೇನ್ ಗೊತ್ತಿತ್ತು" ಎಂದು ನನ್ನ ಪರವಾಗಿ ಒಂದೆರಡು ಸಲ ಮಾತಾಡಿದಳು ಕೂಡ. ಅದನ್ನು ಕೇಳಿಸಿಕೊಂಡು ಕೂಡುವುದಕ್ಕಿಂತ ಬೈಗುಳ ತಿನ್ನುವುದು ಸುಲಭವಿತ್ತು.

ಮೂರನೆಯ ತಿಂಗಳು, ಒಂದು ಬೆಳಿಗ್ಗೆ, ಅಡುಗೆಮನೆಯ ಬಾಗಿಲಲ್ಲಿ ಕಾಕು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದಳು. ನಾನು ಎದುರಿಗೆ ಕೂತು ಚಹಾ ಕುಡಿಯುತ್ತಿದ್ದೆ. ತಲೆ ಎತ್ತದೆ ಕೇಳಿದಳು:

"ಆ ಶನಿವಾರ ನೀ ಎಲ್ಲಿದ್ದಿ?"

"ನಾಗಲಗಿದ್ದದ ಕಡೆ ಕಾಕು. ಸಭಾ ಇತ್ತು."

"ನಿಮ್ಮವ್ವನೂ ಹಂಗೇ ಅಂದ್ಲು. ಐದರಿಂದ ಆರೂವರಿ ತನಕ ಮಾತಾಡ್ಯಾನ, ಫೋನ್ ಬಂದ್ ಇಟ್ಟಿದ್ದ, ಅದಕ್ಕೇ ನಿಮ್ಮಪ್ಪಾರಿಗಿ ಸಿಗಲಿಲ್ಲ ಅಂತ." ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು. "ನಡುವ ಎದ್ದು ಹೋಗಿ ನನಗ ಫೋನ್ ಹಚ್ಚಿದ್ಯೇನು?"

"ಹ್ಞೂಂ. ಬ್ಯಾರೆಯವ್ರ ಫೋನ್ ಇಸ್ಗೊಂಡು."

"ಹಂಗಾದ್ರ ಆವತ್ತ ಅಂದಂಗ ಅನ್ನು."

"ಏನು?"

"ಫೋನಿನಾಗ ಏನಂದಿದ್ದಿ, ಅದನ್ನ. ಅವ್ರ ದನಿ ತೆಗದು."

ನಾನು ನಕ್ಕು ತಪ್ಪಿಸಿಕೊಳ್ಳಲು ನೋಡಿದೆ. ಈಗ ಬೇಡ ಕಾಕು, ಗಂಟಲು ಸರಿಯಿಲ್ಲ ಎಂದೆ. ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡುತ್ತಾ ಕೂತಳು. ಬೇರೆ ದಾರಿ ಇರಲಿಲ್ಲ. ಗಂಟಲಿಗೆ ಉಸುಕು ತುಂಬಿಕೊಂಡೆ. ಅಷ್ಟು ಚೆನ್ನಾಗಿ ಆ ದನಿ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

"ಏಯ್... ಕೇಳ್ತದೇನು? ಬಿದ್ದೀನಿ..." ಎಂದು, ಕೊನೆಗೆ ಆ ಕೆಮ್ಮು.

ಕಾಕು ಕಣ್ಣು ಮುಚ್ಚಿ ಕೇಳಿದಳು. ಕೆಮ್ಮು ಮುಗಿಯುವ ತನಕ ಕೇಳಿದಳು.

"ಇದಲ್ಲ" ಎಂದಳು.

"ಮರ್ತಿದ್ದೀನಿ ಕಾಕು. ಏಯ್, ಬಾಗಲ ತಗೀ ಅಂದಿದ್ನೇನೋ..."

"ಅದೂ ಅಲ್ಲ. ಆವತ್ತ ಅವ್ರು ಏಯ್ ಅನ್ಲಿಲ್ಲ. ಹೆಸರ ಹಿಡದ್ರು. ಮೂರು ಸಲಾನೂ ಬರೇ ನನ್ನ ಹೆಸರಷ್ಟೇ. ಹೆಸರ ಹಿಡದಾಂವ ಗಂಡಲ್ಲ ಅಂತ ನಾ ಕಟ್ ಮಾಡ್ದೆ."

ಏನಾದರೂ ಒಂದು ಹೇಳಬೇಕೆಂದು ಬಾಯಿ ತೆರೆದೆ, ಯಾರ ದನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ. ಕಾಕು ಎದ್ದು ಒಳಗೆ ಹೋಗಿ ಫೋನ್ ತಂದಳು. ಬ್ಲಾಕ್ ಮಾಡಿದ ನಂಬರುಗಳ ಪಟ್ಟಿ ತೆರೆದು ನನ್ನ ಮುಂದೆ ಹಿಡಿದಳು. ಅದು ಎಲ್ಲಿರುತ್ತದೆಂದು ತೋರಿಸಿಕೊಟ್ಟವನೂ ನಾನೇ. ಎರಡು ನಂಬರುಗಳಿದ್ದವು. ಒಂದು ನನ್ನ ಗೆಳೆಯನದು, ಎರಡನೆಯ ಪರೀಕ್ಷೆಯದು.

"ಇದು ಯಾರ್ದು?" ಎಂದು ಇನ್ನೊಂದರ ಮೇಲೆ ಬೆರಳಿಟ್ಟಳು.

ಹೇಳಿದೆ. ಆಸ್ಪತ್ರೆಯ ಗೇಟಿನಲ್ಲಿ ಕೇಳಿದ್ದನ್ನು ಪೂರ್ತಿ ಹೇಳಿದೆ. ಅವಳು ಬ್ಲಾಕ್ ತೆಗೆದು, ಸ್ಪೀಕರ್ ಹಾಕಿ, ಆ ನಂಬರಿಗೆ ಫೋನ್ ಮಾಡಿದಳು. ಅವನು ಎತ್ತಿದ. ಹಿಂದೆ ಟ್ರ್ಯಾಕ್ಟರಿನ ಸದ್ದು. ಕಾಕು ತಾನು ಯಾರೆಂದು ಹೇಳಿದಾಗ ಸದ್ದು ನಿಂತಿತು, ಎಂಜಿನ್ ಆರಿಸಿರಬೇಕು.

"ಅಕ್ಕಾ, ನಾ ಏನ್ ಹೇಳ್ಲಿ..."

"ಅವ್ರು ಏನಂದ್ರು ಅಷ್ಟ ಹೇಳು. ಎಲ್ಲಾ ಹೇಳು."

"ನಿಮ್ಮ ನಂಬರ್ ಒಂದೊಂದೇ ಅಂಕಿ ಹೇಳಿದ್ರು. ಮತ್ತ ಯಾರ್ದರ ಹೇಳ್ರಿ ಅಂದ್ನಿ, ಬ್ಯಾರೆ ನೆನಪಿಲ್ಲ ಅಂದ್ರು. ಹಚ್ಚಿ ಕಿವಿಗಿ ಇಟ್ನಿ, ಒಂದ್ ಹೆಸರ ಅಂದ್ರು, ಕಟ್ ಆತು. ಮೂರು ಸಲ ಹಂಗೇ ಆತು. ನಾಲ್ಕನೇದು ಹೋಗ್ಲಿಲ್ಲ. 'ಬಿಡು, ಆಕಿ ಕೆಲಸದಾಗ ಇರ್ಬೇಕು' ಅಂದ್ರು. ಆಮ್ಯಾಲ ನೀರು ಕೇಳಿದ್ರು, ಅಕ್ಕಾ. ಅಂಥಾವರಿಗಿ ನೀರು ಕೊಡಬಾರ್ದು ಅಂತಾರ, ನಾ ಕೊಡ್ಲಿಲ್ಲ. ಅದೊಂದು ನನಗ ಈಗಲೂ..."

"ನೀ ಸರಿ ಮಾಡಿದ್ಯಪ್ಪ" ಎಂದಳು ಕಾಕು. "ನೀ ಮುಂದ ನಡಿ, ನಿನಗ ತಡಾ ಆಗ್ತದ." ಆದರೆ ಕಟ್ ಮಾಡಲಿಲ್ಲ. ಅವನೇ ಕಟ್ ಮಾಡುವ ತನಕ ಫೋನ್ ಹಿಡಿದುಕೊಂಡೇ ಇದ್ದಳು.

ಡಾಕ್ಟರು ಹೇಳಿದ್ದನ್ನು ನಾನು ನೆನಪಿಸಿದೆ: ಯಾರು ಹೋಗಿದ್ದರೂ ಕಾಕಾ ಉಳಿಯುತ್ತಿರಲಿಲ್ಲ ಎಂದೆ. "ಉಳೀತಿದ್ರು ಅಂತ ನಾ ಎಲ್ಲಿ ಅಂದ್ನಿ?" ಎಂದಳು. ಫೋನ್ ಕೆಳಗಿಟ್ಟು, "ಅವ್ರಿಗಿ ಒಂದು ಹ್ಞಾಂ ಅನ್ನಬೇಕಾಗಿತ್ತು ನಾನು. ಅಷ್ಟೇ" ಎಂದಳು. ಅತ್ತು ಕೂಗಾಡಿದ್ದರೆ, ನನ್ನ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಮೊರ ಎತ್ತಿಕೊಂಡು ಉಳಿದ ಬೇಳೆ ಹಸನು ಮಾಡಿ ಮುಗಿಸಿದಳು. ಒಳಗೆ ಹೋಗುವಾಗ ಹೇಳಿದಳು: "ನೀ ಸುಳ್ಳ ಹೇಳಿದ್ದು ನನ್ನ ಸಲುವಾಗಿ ಅಂತ ತಿಳೀತದ. ಆದ್ರ ಅವ್ರ ದನಿ ಇನ್ನ ತಗೀಬ್ಯಾಡ."

ತೆಗೆದಿಲ್ಲ.

ಸಭೆಗಳಿಗೆ ಈಗಲೂ ಹೋಗುತ್ತೇನೆ. ಮ್ಯಾನೇಜರ್ ಸಾಹೇಬರು "ಏನೋ, ಈಗ ಜನ ಆಕಳಿಸಾಕತ್ಯಾರಂತ" ಎಂದು ಕೇಳಿದರು. ಹೌದು, ಆಕಳಿಸುತ್ತಾರೆ. ಕಳ್ಳನ ದನಿಯೊಂದನ್ನು ಬಿಟ್ಟು ಬೇರೆ ಯಾರ ದನಿಯನ್ನೂ ನಾನು ಅಲ್ಲಿ ಮಾಡುವುದಿಲ್ಲ. ಕರಪತ್ರದ ಸಾಲುಗಳನ್ನು ಒಂದೂ ಬಿಡದೆ ಓದುತ್ತೇನೆ. ಕಟ್ ಮಾಡಿ, ಆಮೇಲೆ ನೀವೇ ಅವರ ನಂಬರಿಗೆ ಹಚ್ಚಿ. ಅದು ಬಂದ್ ಇದ್ದರೆ ಅಲ್ಲಿಗೆ ಬಿಡಬೇಡಿ, ಅವರ ಜೊತೆ ಇರುವವರಿಗೆ ಹಚ್ಚಿ. ಪಿನ್ ಬರೆದಿಡಬೇಡಿ, ಆದರೆ ಮನೆಯವರ ಇಬ್ಬರು ಮೂವರ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಡಿ. ಮನೆಯವರೆಲ್ಲ ಕೂತು ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ನೋವಿನಲ್ಲೂ ಬಾಯಿಗೆ ಬರುವಂಥದ್ದು. ಗಂಡ ಹೆಂಡತಿ ಹೆಸರು ಹೇಳದಿರುವುದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಒಂದು ಊರಿನಲ್ಲಿ ಒಬ್ಬಾಕೆ ಎದ್ದು "ಅದೇನೋ ಹೆಸರ ಹಿಡಿದ ಕಳ್ಳನ ಕತಿ ಅದಂತಲ್ಲ, ಅದು ಹೇಳ್ರಿ" ಎಂದು ಕೇಳಿದಳು. ಆ ಕತೆ ನನಗಿಂತ ಮುಂದೆ ಹೋಗಿ ಊರೂರು ಸೇರಿದೆ. ಹಿಂದಕ್ಕೆ ಕರೆಸುವುದು ಹೇಗೋ ಗೊತ್ತಿಲ್ಲ.

ಕಾಕು ಈಗ ಯಾರ ಫೋನನ್ನೂ ಕಟ್ ಮಾಡುವುದಿಲ್ಲ. ಎಂಥ ನಂಬರಾದರೂ ಎತ್ತುತ್ತಾಳೆ. ಸಾಲ ಕೊಡುತ್ತೇವೆನ್ನುವವರು, ಲಾಟರಿ ಹತ್ತಿದೆ ಎನ್ನುವವರು, ಕಾರ್ಡ್ ಬಂದ್ ಆಗುತ್ತದೆ ಎನ್ನುವವರು, ಎಲ್ಲರನ್ನೂ ಕೊನೆಯ ತನಕ ಕೇಳುತ್ತಾಳೆ. ಒಮ್ಮೆ ಎತ್ತಿ ಮಾತಾಡಿದ ನಂಬರಿಗೆ ಹತ್ತು ಕಡೆಯಿಂದ ಕರೆ ಬರುತ್ತವೆ ಎಂದು ತಿಳಿಸಿ ಹೇಳಿದೆ. ಬೇಡಿಕೊಂಡೆ. "ಬರ್ಲಿ" ಎಂದಳು. ಕೊನೆಗೆ ನನಗೆ ತಿಳಿದ ಒಂದೇ ಕೆಲಸ ಮಾಡಿದೆ. ಬ್ಯಾಂಕಿಗೆ, ಆಧಾರಿಗೆ, ಕಾಕಾನ ಪಿಂಚಣಿಗೆ ಜೋಡಿಸಿದ್ದನ್ನೆಲ್ಲ ಬೇರೆ ಒಂದು ಹೊಸ ನಂಬರಿಗೆ ಬದಲಿಸಿ, ಅದನ್ನು ಗುಂಡಿ ಒತ್ತುವ ಒಂದು ಹಳೆಯ ಫೋನಿಗೆ ಹಾಕಿ ಅವ್ವನ ಅಲಮಾರಿಯಲ್ಲಿಟ್ಟೆ. ಕಾಕಾನಿಗೆ ಬಾಯಿಪಾಠವಿದ್ದ ನಂಬರಿನ ಹಿಂದೆ ಈಗ ಕದಿಯುವಂಥದ್ದು ಏನೂ ಇಲ್ಲ.

ಹೋದ ಭಾನುವಾರ ಊಟಕ್ಕೆ ಕೂತಿದ್ದೆವು. ಕಾಕುವಿನ ಫೋನ್ ರಿಂಗಾಯಿತು. ಗುರುತಿಲ್ಲದ ನಂಬರು. ಎಡಗೈಯಿಂದ ಎತ್ತಿ, ಸ್ಪೀಕರ್ ಒತ್ತಿ, ತಟ್ಟೆಯ ಪಕ್ಕದಲ್ಲಿಟ್ಟಳು.

"ಮೇಡಂ ಜೀ, ಮೈಂ ಹೆಡ್ ಆಫೀಸ್ ಸೇ ಬಾತ್ ಕರ್ ರಹಾ ಹೂಂ..."

"ಹ್ಞಾಂ, ಹೇಳ್ರಿ" ಎಂದಳು.

ಚಿಕ್ಕ ವಯಸ್ಸಿನ ದನಿ. ಓದಿ ಹೇಳುತ್ತಿದ್ದ. ಎರಡು ಕಡೆ ತಡವರಿಸಿದ, ಸಾಹೇಬನ ಗತ್ತು ಅವನಿಗೆ ಇನ್ನೂ ಪೂರ್ತಿ ಕೂತಿರಲಿಲ್ಲ. ಬೇರೆ ದಿನವಾಗಿದ್ದರೆ ನಾನು ಅವನಿಗೆ ತಿದ್ದಿ ಹೇಳುತ್ತಿದ್ದೆ. ಕಾರ್ಡಿನ ಮೇಲಿನ ನಂಬರ್ ಹೇಳಿ ಎಂದ. "ಕಾರ್ಡ್ ಇಲ್ಲಪಾ" ಎಂದಳು. ಓಟಿಪಿ ಬಂದಿದೆ ನೋಡಿ ಎಂದ. "ಬಂದಿಲ್ಲಪಾ" ಎಂದಳು. ಹಾಗಾದರೆ ಮನೆಯಲ್ಲಿ ಗಂಡಸರಿಗೆ ಕೊಡಿ ಎಂದ. ಅಪ್ಪ ಊಟ ನಿಲ್ಲಿಸಿದರು. ನಾನು ಫೋನಿನ ಕಡೆ ಕೈ ಚಾಚಿದೆ. ಕಾಕು ನನ್ನ ಕೈಯನ್ನು ಮೆಲ್ಲಗೆ ಸರಿಸಿ, "ಇಲ್ಲಪಾ. ಮತ್ತೇನರ ಹೇಳೋದದ ಏನು?" ಎಂದು ಕೇಳಿದಳು.

ಅವನು ಒಂದು ಕೆಟ್ಟ ಬೈಗುಳ ಬೈದು ಫೋನ್ ಇಟ್ಟ.

ಪರದೆ ಕಪ್ಪಾಗುವ ತನಕ ನೋಡಿ, ಕಾಕು ರೊಟ್ಟಿ ಮುರಿದುಕೊಂಡಳು.